ಖಲಾಸ್ ಅಂದರೆ ಎಷ್ಟು?

ಹನ್ನೊಂದು ಗಂಟೆ ನಲವತ್ತು ನಿಮಿಷ. ಇವತ್ತು ಶುಕ್ರವಾರ, ರಜೆ. ಅಡುಗೆಮನೆಯಿಂದ ಹೆಂಡತಿ, "ಹಾಲು ಖಲಾಸ್, ಗೊತ್ತುಂಟಾ?" ಅಂದಳು. ನಾನು ಗಡಿಯಾರ ನೋಡಿದೆ. ನಾಲ್ಕು ವರ್ಷದ ಹಿಂದೆ ಸೌದಿಯ ಇದೇ ಯಾನ್ಬುವಿನಲ್ಲಿ, ಇದೇ ಹೊತ್ತಿಗೆ, ಆ ಪದವನ್ನು ನಾನೇ ಹೇಳಿದ್ದೆ. ಅಂದಿನಿಂದ ಅದು ಕಿವಿಗೆ ಬಿದ್ದರೆ ಕಣ್ಣು ಗಡಿಯಾರ ಹುಡುಕುತ್ತದೆ.

ಗಲ್ಫ್ ಕಾಣದವರಿಗಾಗಿ ಹೇಳುತ್ತೇನೆ. ಇಲ್ಲಿ ಕೆಲಸ ಮುಗಿದರೆ ಖಲಾಸ್, ಅಕ್ಕಿ ತೀರಿದರೆ ಖಲಾಸ್, ಜಗಳ ಸಾಕಾದರೂ ಖಲಾಸ್, ಟಯರ್ ಕೆಟ್ಟರೂ ಖಲಾಸ್. ಅರಬಿ ಬಾರದವನು ಇದೊಂದೇ ಪದದಲ್ಲಿ ಹತ್ತು ವರ್ಷ ಸಂಸಾರ ನಡೆಸಬಹುದು. ನಾನು ನಡೆಸಿದ್ದೇನೆ.

ಕೊಳವೆಗಳ ಬೆಸುಗೆಯಲ್ಲಿ ಬಿರುಕು ಹುಡುಕುವುದು ನಮ್ಮ ಕೆಲಸ. ಎಲುಬಿಗೆ ಎಕ್ಸ್‌ರೇ ತೆಗೆದ ಹಾಗೆ, ಇಲ್ಲಿ ಉಕ್ಕಿಗೆ. ವಿಕಿರಣ ಸೂಸುವ ಸಣ್ಣ ಲೋಹದ ತುಣುಕೊಂದು ದಪ್ಪ ಪೆಟ್ಟಿಗೆಯೊಳಗಿರುತ್ತದೆ. ದೂರ ನಿಂತು ಹಿಡಿಕೆ ತಿರುಗಿಸಿದರೆ ಹೊರಗೆ ಹೋಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಒಳಗೆ ಬರುತ್ತದೆ. ಬಂದಿತೇ ಎಂದು ಕಣ್ಣಿಗೆ ಕಾಣದು. ಮೀಟರ್ ಹೇಳಬೇಕು.

ನಮಗೆ ಮೀಟರ್ ಹಿಡಿಯಲು ಕಲಿಸಿದವರು ಲುಕಾಸ್, ಬೆಲ್ಜಿಯಂನ ಮುದುಕ. ಯುರೋಪಿನ ಹಲವು ದೇಶಗಳು ಪರಮಾಣು ವಿದ್ಯುತ್ತಿಗಾಗಿ ಸೇರಿ ಕಟ್ಟಿದ ಸಂಶೋಧನಾ ಕೇಂದ್ರದಲ್ಲಿ ಯೌವನ ಕಳೆದವರು. ನನ್ನ ಜೊತೆ ಕೆಲಸ ಮಾಡುವ ಉಪ್ಪಿನಂಗಡಿಯ ಹಮೀದ್, ಲುಕಾಸರಿಗೆ 'ಮಾರಾಯ' ಕಲಿಸಿದ್ದ. ಮ್ಯಾನೇಜರಿಗೂ ಅವರು ಬಹಳ ಗೌರವದಿಂದ ಮಾರಾಯ ಅನ್ನುತ್ತಿದ್ದರು, ನಾವು ತಿದ್ದಲಿಲ್ಲ.

ಅಂದು ಹಮೀದ್ ಹಿಡಿಕೆ ತಿರುಗಿಸಿ ಮುಗಿಸಿದ. ಮೀಟರ್ ನನ್ನ ಕೈಯಲ್ಲಿತ್ತು. ಆನ್ ಮಾಡಿದರೆ ಬ್ಯಾಟರಿ ಸತ್ತಿತ್ತು. "ಮೀಟರ್ ಖಲಾಸ್" ಎಂದು ಕೂಗಿ, ಬ್ಯಾಟರಿಗಾಗಿ ಚೀಲಕ್ಕೆ ಬಗ್ಗಿದೆ. ಅವನು, ಮೀಟರ್ ನೋಡಿ ಆಯಿತು, ತುಣುಕು ಒಳಗೆ ಬಂದಿದೆ ಎಂದುಕೊಂಡ.

ತಲೆ ಎತ್ತಿದಾಗ ಹಮೀದ್ ಎಕ್ಸ್‌ರೇ ಫಿಲ್ಮ್ ಬಿಚ್ಚಲು ಕೊಳವೆಯ ಹತ್ತಿರ ಹೋಗಿಬಿಟ್ಟಿದ್ದ. ದೂರ ಅರ್ಧವಾದರೆ ಅಪಾಯ ನಾಲ್ಕು ಪಟ್ಟು ಎಂದು ಬಿ.ಎಸ್ಸಿ. ಪರೀಕ್ಷೆಯಲ್ಲಿ ಚಿತ್ರಸಮೇತ ಬರೆದು ಅಂಕ ಗಳಿಸಿದ ನಾನು ಬಾಯಿ ಬಿಡಲಾಗದೆ ನಿಂತೆ. ಕೂಗಿದ್ದು ಅವನ ಜೇಬಿನ ವಿಕಿರಣ ಅಲಾರಂ. ಅವನು ಓಡಿಬಂದ. ತುಣುಕು ದಾರಿಯಲ್ಲೇ ಸಿಕ್ಕಿಕೊಂಡಿತ್ತು.

ಲುಕಾಸ್ ಬಂದು ಎಲ್ಲರನ್ನೂ ದೂರ ಕಳಿಸಿ, ಬೇರೆ ಮೀಟರ್ ತರಿಸಿ, ತುಣುಕನ್ನು ಪೆಟ್ಟಿಗೆಯೊಳಗೆ ಸೇರಿಸಿದರು. ಆಮೇಲೆ ನಮಗೆ ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟು, ಬೈಯದೆ, ಒಂದೇ ಪ್ರಶ್ನೆ ಕೇಳಿದರು: "ಖಲಾಸ್ ಅಂದರೆ ಎಷ್ಟು, ಮಾರಾಯ?"

ಅವರೇ ಹೇಳಿದರು. ಅವರ ಕೇಂದ್ರದಲ್ಲಿ ಇಟಲಿಯವನ 'ಸರಿ' ಬೇರೆ, ಜರ್ಮನಿಯವನ 'ಸರಿ' ಬೇರೆಯಂತೆ. "ಒಟ್ಟಿಗೆ ಕಟ್ಟೋಣ ಎಂದು ಸರ್ಕಾರಗಳು ಬೇಗ ಸಹಿ ಹಾಕಿದವು. 'ಸರಿ' ಅಂದರೇನು ಅನ್ನುವ ಜಗಳ ನಮ್ಮ ಪಾಲಿಗೆ ಬಂತು." ಕೊನೆಗೆ ಆ ಪದವನ್ನೇ ಬಿಟ್ಟರು. ಒಬ್ಬ ತನ್ನ ಭಾಷೆಯಲ್ಲಿ ಅಂಕಿ ಓದಬೇಕು. ಇನ್ನೊಬ್ಬ ಅದನ್ನು ತನ್ನ ಭಾಷೆಯಲ್ಲಿ ತಿರುಗಿಸಿ ಹೇಳಬೇಕು. ಅರ್ಥವಾಗದಿದ್ದರೆ ತಿರುಗಿಸಲಾಗದು.

ಹಮೀದನ ಮೈಗೆ ಎಷ್ಟು ವಿಕಿರಣ ತಾಗಿದೆ ಎಂದು ತಿಳಿಯಲು ಅವನು ಎದೆಗೆ ಸಿಕ್ಕಿಸಿಕೊಂಡಿದ್ದ ಬ್ಯಾಡ್ಜ್ ಪ್ರಯೋಗಾಲಯಕ್ಕೆ ಹೋಯಿತು. ಹದಿಮೂರು ದಿನ ಕಾದೆವು. ದಿನಾ ಬೆಳಿಗ್ಗೆ ಹಮೀದ್ ಅಂಗೈ ಚಾಚುತ್ತಿದ್ದ. "ಹೊಳೀತದಾ ನೋಡು ಮಾರಾಯ. ಹೊಳೆದರೆ ಕರೆಂಟ್ ಬಿಲ್ ಉಳೀತು." ನಾನು ಕ್ಷಮೆ ಕೇಳಿದರೆ, "ನೀನು ಕನ್ನಡದಲ್ಲಿ ಹೇಳಿದ್ರೆ ಎಂತ ಆಗ್ತಿತ್ತು?" ಅಂದ.

ವರದಿ ಬಂತು: ಮಿತಿಯೊಳಗೆ. ಹಮೀದ್ ಎಲ್ಲರಿಗೂ ಬಿರಿಯಾನಿ ತರಿಸಿದ. ಆದರೂ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಅವನ ಬೆನ್ನು, ಕೊಳವೆ, ನನ್ನ ಮುಚ್ಚಿದ ಬಾಯಿ.

ಮುಂದಿನ ವಾರ ಮತ್ತೆ ಕೆಲಸಕ್ಕಿಳಿದೆವು. ಈ ಸಲ ಮೀಟರ್ ಹಮೀದನ ಕೈಯಲ್ಲಿ. ಅವನು ತನ್ನ ಮನೆಮಾತಾದ ಬ್ಯಾರಿಯಲ್ಲಿ ಅಂಕಿ ಕೂಗಿದ. ನಾನು ಬಾಯಿ ತೆರೆದೆ. "ಸೊನ್ನೆ ಬಿಂದು ಎರಡು!" ತುಣುಕು ಒಳಗಿತ್ತು. ಅಷ್ಟು ದೂರದಲ್ಲಿ ನಿಂತಿದ್ದ ಲುಕಾಸ್ ಅದನ್ನೇ ಫ್ರೆಂಚಿನಲ್ಲಿ ಹೇಳಿ, ಟೋಪಿ ತೆಗೆದು ನೆತ್ತಿ ಒರೆಸಿಕೊಂಡರು. ಮರುತಿಂಗಳು ಅವರು ಊರಿಗೆ ಹೊರಟರು.

ಈಗ ನಾನು ಅಡುಗೆಮನೆಗೆ ಹೋಗಿ ಕೇಳಿದೆ: "ಖಲಾಸ್ ಅಂದ್ರೆ ಎಷ್ಟುಂಟು?"

"ಅರ್ಧ ಲೋಟ. ಎಂತದ್ದು ನಿಮ್ಮ ತನಿಖೆ?"

"ಅರ್ಧ ಲೋಟ," ಎಂದು ತಿರುಗಿಸಿ ಹೇಳಿ ಚಪ್ಪಲಿ ಮೆಟ್ಟಿದೆ. ಅವಳು ನಕ್ಕಳು. ಅವಳಿಗೂ ಆ ದಿನ ನೆನಪಿದೆ. 'ಸೊನ್ನೆ ಬಿಂದು ಎರಡು' ಕೂಗಿ ಮನೆಗೆ ಬಂದು ಮಲಗಿದವನನ್ನು ಬೆಳಗಾದ ಮೇಲೆ, ಕೆಲಸಕ್ಕೆ ಹೊತ್ತಾಯಿತೆಂದು, ಅವಳೇ ಅಲ್ಲಾಡಿಸಿ ಎಬ್ಬಿಸಬೇಕಾಗಿತ್ತು.