ಚಿನ್ನಿಯ ಪಥ್ಯ

ಬೆಟ್ಟದಪುರದ ಜವಳಿ ಅಂಗಡಿಯ ಶಿವನಂಜಪ್ಪನವರಿಗೆ, ಕಾಫಿ ತೋಟದ ದೊರೆ ಬಿಟ್ಟುಹೋದ ಚಿನ್ನಿ ಎಂಬ ಅಂಗೈಯಗಲದ ನಾಯಿಗೆ ಏನು ಹಾಕಬೇಕೆಂಬುದೇ ತಿಳಿಯದು. ಹಾಲು ಕುಡಿದರೆ ಭೇದಿ, ಮುದ್ದೆ ತಿಂದರೆ ವಾಂತಿ. ಸೀರೆ ಕೊಳ್ಳಲು ಬಂದವರನ್ನೆಲ್ಲ ಕೇಳುವರು. "ಮಜ್ಜಿಗೆ ಅನ್ನ ಆಕಿ, ತಂಪು" ಎಂದು ಒಬ್ಬರೆಂದರೆ, "ಅಯ್ಯೋ, ಸೀತ ಆಯ್ತದೆ ಕಣ್ರೀ, ಉಳ್ಳಿಕಟ್ಟು ಕುಡಿಸಿ" ಎಂದು ಇನ್ನೊಬ್ಬರು. ಯಾರ ಮಾತನ್ನೂ ತೆಗೆದುಹಾಕಲಾರದೆ, ಎಲ್ಲವನ್ನೂ ಮೊದಲು ತಾವೇ ತಿಂದು, ಸಂಜೆಯವರೆಗೆ ಹೊಟ್ಟೆ ಸವರಿಕೊಂಡು ಕಾಯುವರು. ಮೊನ್ನೆ ತಮಗೆ ಸೊಗಸಾಗಿ ಅರಗಿದ ಹುರುಳಿಕಟ್ಟು ಕುಡಿದು ಚಿನ್ನಿ ನರಳಿದಾಗ, ಇನ್ನು ಮನೆಯಲ್ಲಿ ಹುರುಳಿಯನ್ನೇ ಬೇಯಿಸಕೂಡದೆಂದು ಹೆಂಡತಿ ಪ್ರೇಮಮ್ಮನಿಗೆ ಕಟ್ಟಪ್ಪಣೆ ಮಾಡಿದರು. ಆಕೆ ಒಲೆ ಊದುತ್ತಲೇ, "ನಂಗೂ ಅದು ಆಗಾಕಿಲ್ಲ ಕಣ್ರೀ, ಲಗ್ನ ಆಗಿ ಬಂದಾಗ್ನಿಂದ" ಎಂದಳು. ಇದನ್ನು ಯಾರನ್ನು ಕೇಳುವುದೆಂದು ತೋಚದೆ ಶಿವನಂಜಪ್ಪನವರು ಚಿನ್ನಿಯ ಮುಖ ನೋಡಿದರು.