ಕೆಂಪು ಸಾಲು ಕಾಣಲಿ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಬೆಳಗ್ಗೆ ಸ್ವಿಚ್ ಹಾಕಿದರೆ ಮೊದಲು ಬಿಸಿಯಾದ ಧೂಳಿನ ವಾಸನೆ ಬರುತ್ತದೆ, ಆಮೇಲೆ ಕಪ್ಪು ಪರದೆಯ ಮೇಲೆ ಸಾಲು ಸಾಲು ಅಕ್ಷರ ಓಡುತ್ತದೆ. ಈ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ಏಳುವ ರೀತಿಯೇ ಹಾಗೆ. ಅದು ಸರಿಯಿದೆ, ಇದು ಸರಿಯಿದೆ ಎಂದು ಒಪ್ಪಿಸುತ್ತಾ ಬಂದು, ನಡುವೆ ಒಂದು ಕಡೆ ಕೆಂಪಕ್ಷರದಲ್ಲಿ ‘ಫೇಲ್ಡ್’ ಅನ್ನುತ್ತದೆ. ನೀವು ಗಾಬರಿಯಾಗಬೇಡಿ. ಇವುಗಳನ್ನು ಕೊಟ್ಟವರು, ಇವುಗಳ ಬೆನ್ನಿಗೇ ಎಲ್ಲಕ್ಕೂ ಯಜಮಾನನಂಥ ಒಂದು ಸರ್ವರ್ ಬರುತ್ತದೆಂದು ಅದರ ವಿಳಾಸವನ್ನೂ ಒಳಗೆ ಬರೆದುಹೋಗಿದ್ದರು. ಸರ್ವರ್ ಬರಲೇ ಇಲ್ಲ. ಇವು ಪಾಪ ದಿನಾ ಹುಡುಕುತ್ತವೆ, ಇಲ್ಲ ಅನ್ನುತ್ತವೆ, ತಮ್ಮ ಪಾಡಿಗೆ ಕೆಲಸ ಶುರುಮಾಡುತ್ತವೆ.

ಮೊನ್ನೆ ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, “ಮೇಡಂ, ಶುಕ್ರವಾರ ಕಂಪ್ಯೂಟರ್ ಕೊಟ್ಟೋರೇ ನೋಡಕ್ಕೆ ಬರ್ತಾರೆ. ಆ ಕೆಂಪು ಸಾಲು ಕಾಣ್ದಂಗೆ ಮಾಡಕ್ಕಾಗುತ್ತಲ್ವ?” ಅಂದರು.

“ಆಗುತ್ತೆ ಸರ್. ಒಳಗೆ ಒಂದು ಕಡೆ ತಿದ್ದಿದ್ರೆ ಸಾಕು, ಬಾಯಿ ಮುಚ್ಕೊಂಡು ಏಳ್ತವೆ.”

“ಮಾಡ್ಬುಡಿ ಮತ್ತೆ. ನಿಮ್ಮ ಮುಂದಿನ ವರ್ಷದ ಆರ್ಡರಿಗೂ ನಾನೇ ಬರೀಬೇಕಲ್ವ?”

ನಗುತ್ತಲೇ ಅಂದರು. ವರ್ಷವರ್ಷವೂ ಹೊಸ ಆರ್ಡರಿಗೆ ಕಾಯುವ ನನ್ನಂಥ ಅತಿಥಿ ಉಪನ್ಯಾಸಕಿಯರಿಗೆ ಇಂಥ ನಗೆ ಚೆನ್ನಾಗಿ ಅರ್ಥವಾಗುತ್ತದೆ.

ಬಾಯಿ ಮುಚ್ಚಿಸುವ ಮಾತು ಬಂದರೆ ನನಗೆ ನೆನಪಾಗುವುದು ಬಿಳಿಗೆರೆಯ ನಮ್ಮಜ್ಜಿ. ಬೆಳಗ್ಗೆ ಬಾಗಿಲು ತೆಗೆಯುತ್ತಲೇ ಮನೆಯ ಹುಳುಕನ್ನೆಲ್ಲ ಕೂಗಿ ಹೇಳುತ್ತಿದ್ದಳು. “ಹಂಡೆ ಸೋರ್ತದೆ. ಕೆಂದ ಹಸ ಕುಂಟ್ತದೆ. ಅಟ್ಟ ಕಿರ್ ಅಂತದೆ. ಇವ್ನು ಇನ್ನೂ ಎದ್ದಿಲ್ಲ.” ಕೊನೆಯದು ಅಪ್ಪನಿಗೆ. ಯಾವುದರಿಂದಲೂ ಮನೆ ನಿಂತಿರಲಿಲ್ಲ. ಸೋರುವ ಹಂಡೆಯಲ್ಲೇ ನೀರು ಕಾಯುತ್ತಿತ್ತು. ನಾನಂತೂ ಆ ಕೂಗಿಗೇ ಎದ್ದು ಓದಲು ಕೂರುತ್ತಿದ್ದೆ. ನಮ್ಮ ಮನೆಯ ಮೊದಲ ಡಿಗ್ರಿಯಲ್ಲಿ ಅರ್ಧ ಪಾಲು ಆ ಗಂಟಲಿನದು. ಉಳಿದರ್ಧ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಅಕ್ಕನನ್ನು ನೋಡಲು ಕಂದಿಕೆರೆಯಿಂದ ಗಂಡಿನ ಕಡೆಯವರು ಬರುವ ದಿನ ಅಪ್ಪ ಮುಂಜಾನೆಯೇ ಎದ್ದು ಕೈಮುಗಿದ. “ಅವ್ವಾ, ಇವತ್ತೊಂದಿನ ಸುಮ್ಕಿರವ್ವ. ಮರ್ಯಾದೆ ಪ್ರಶ್ನೆ.”

ಅಜ್ಜಿ ತುಟಿ ಹೊಲಿದುಕೊಂಡಳು. ಬಂದವರು ಅಟ್ಟದ ಕೆಳಗೇ ಚಾಪೆಯ ಮೇಲೆ ಕೂತರು. ಉಪ್ಪಿಟ್ಟು ಬಾಯಿಗಿಡುವ ಹೊತ್ತಿಗೆ ಅಟ್ಟದ ಮೂಲೆಯ ಗಳ ಮುರಿದು, ಕೊಬ್ಬರಿಯಾಗಲೆಂದು ಹಾಕಿದ್ದ ಕಾಯಿಗಳು ದಡದಡ ಉರುಳಿದವು. ಪುಣ್ಯಕ್ಕೆ ಒಂದು ಕಾಯಿ ಗಂಡಿನ ಸೋದರಮಾವನ ಹೆಗಲು ಸವರಿದ್ದು ಬಿಟ್ಟರೆ ಏಟೆಲ್ಲ ತಟ್ಟೆಗಳಿಗೇ.

“ಬೆಳಗ್ಗೇನೇ ನೋಡ್ದೆ ಕಣ್ಲಾ, ಗಳ ಬಾಗಿತ್ತು” ಅಂದಳು ಅಜ್ಜಿ.

“ಹೇಳಕ್ಕೇನಾಗಿತ್ತು ನಿಂಗೆ?” ಅಪ್ಪ ಹಲ್ಲು ಕಡಿದ.

“ಮರ್ಯಾದೆ ಪ್ರಶ್ನೆ ಅಂದ್ಯಲ್ಲ.”

ಆ ಸಂಬಂಧ ಕೂಡಲಿಲ್ಲ. ಅಕ್ಕ ಮಾತ್ರ ಅಡುಗೆಮನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಆ ಗಂಡು ಅವಳಿಗೂ ಬೇಕಿರಲಿಲ್ಲ ಅನ್ನಿ.

ದಿನಾ ಅದೇ ದೂರು ಕೇಳಿದರೆ ಕಿವಿ ಕಲ್ಲಾಗುತ್ತದೆ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಹಾಗಾದರೆ ರಿಪೇರಿ ಮಾಡಿಸಿ. ಹಂಡೆಗೆ ಬೆಸುಗೆ ಹಾಕಿಸಿದ್ದರೆ ಅಜ್ಜಿ ತಾನಾಗಿಯೇ ಅದನ್ನು ಬಿಡುತ್ತಿದ್ದಳು. ರಿಪೇರಿಯೂ ಬೇಡ, ಮಾತೂ ಬೇಡ ಅನ್ನುವುದು ಯಾವ ನ್ಯಾಯ?

ಇವತ್ತು ಶುಕ್ರವಾರ. ಕಂಪ್ಯೂಟರ್ ಕೊಟ್ಟವರು ಬಂದರು. ನಾನು ಏನನ್ನೂ ತಿದ್ದಿರಲಿಲ್ಲ. ಮೊದಲ ಸಾಲಿನ ಕಂಪ್ಯೂಟರುಗಳ ಸ್ವಿಚ್ ಹಾಕಿದೆ, ಕೆಂಪಕ್ಷರ ಬಂತು. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

“ಇದೇನ್ರೀ ಫೇಲ್ಡು?”

ಪ್ರಿನ್ಸಿಪಾಲರು ಕೆಮ್ಮಿದರು. ನಾನೇ ಮುಂದೆ ಹೋಗಿ ಹೇಳಿದೆ.

“ತೊಂದರೆ ಏನಿಲ್ಲ ಸರ್. ಸರ್ವರ್ ಹುಡುಕ್ತಾ ಇದೆ.”

“ಎಲ್ಲಿದೆ ಸರ್ವರ್?”

“ನೀವು ಕಳಿಸ್ಬೇಕು ಸರ್. ಇವು ದಿನಾ ಕೇಳ್ತಾ ಇದಾವೆ. ನಾವೇ ಕೇಳಿರ್ಲಿಲ್ಲ.”

ಅವರು ಪ್ರಿನ್ಸಿಪಾಲರನ್ನು ನೋಡಿದರು. ಪ್ರಿನ್ಸಿಪಾಲರು ನನ್ನನ್ನು ನೋಡಿದರು. ಈ ಸಲ ನಗಲಿಲ್ಲ. ಆರ್ಡರ್ ಬಂದರೆ ಬರಲಿ, ಹೋದರೆ ಹೋಗಲಿ ಅಂದುಕೊಂಡು, ನಾನು ಎರಡನೆಯ ಸಾಲಿನ ಸ್ವಿಚ್ಚುಗಳನ್ನೂ ಹಾಕಿದೆ.