ಕೆಮ್ಮುವ ಎಂಜಿನ್

ಕಾಪುವಿನ ಕಡಲ ಬದಿಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯವರನ್ನು ನೆನೆದರೆ ಮೊದಲು ಕಾಣುವುದು ಹೆಬ್ಬೆರಳು. ಕಡಲ ಉಪ್ಪಿಗೆ ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟನ್ನು ಅದರಿಂದ ಮೆಲ್ಲನೆ ಸವರುತ್ತ, "ಅವಸರ ಎಂತಕ್ಕೆ? ಬಿಡುತ್ತದೆ," ಎನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅವರ ದೋಣಿಯ ಎಂಜಿನ್ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಹೊಸ ಬಿಡಿಭಾಗ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಮೇಸ್ತ್ರಿಯವರು ಗುಜರಿ ಎಂಜಿನ್‌ಗಳಿಂದ ಒಂದೊಂದನ್ನೇ ಹುಡುಕಿ ಜೋಡಿಸಿದರು. ಓಡಿಸಿ ನೋಡಲು ಅದನ್ನು ನಮ್ಮ ಅಂಗಳದಲ್ಲಿ ಡ್ರಮ್ಮಿನ ಸಿಹಿನೀರಿಗೆ ಇಳಿಸಿ, ಚಾಲೂ ಮಾಡುವ ಮುಂಚೆ ಎಲ್ಲ ಮನೆಗಳಲ್ಲೂ ಹೇಳುವುದನ್ನೇ ಹೇಳಿದರು: "ಅಮ್ಮನನ್ನು ಕರೆಯಿರಿ. ದಡದಲ್ಲಿ ಕಾದವರಿಗೆ ಶಬ್ದದ ಗುರುತು ಉಂಟು."

ಎಂಜಿನ್ ಒಂದೇ ಸಮನೆ ಓಡಿತು. ಅಮ್ಮ ಒಪ್ಪಲಿಲ್ಲ.

"ಇದು ಅವರದ್ದಲ್ಲ. ಅವರದ್ದು ದಡಕ್ಕೆ ಬರುವಾಗ ಕೆಮ್ಮುತ್ತಿತ್ತು."

ಮೇಸ್ತ್ರಿಯವರು ನಗಲಿಲ್ಲ. ಕಾರ್ಬ್ಯುರೇಟರಿನ ತಿರುಪನ್ನು ಚೂರುಚೂರೇ ತಿರುಗಿಸಿ, ವೇಗ ಇಳಿಸಿದರು. ಎಂಜಿನ್ ಕೆಮ್ಮಿತು. ಅಪ್ಪನ ದೋಣಿ ಬಂದಾಗಲೆಲ್ಲ ಮಾಡುತ್ತಿದ್ದಂತೆ ಅಮ್ಮ ಒಳಗೆ ಹೋಗಿ ಗಂಜಿ ಬಿಸಿಗಿಟ್ಟಳು.

ಈಗ ಮೇಸ್ತ್ರಿಯವರೂ ಇಲ್ಲ, ಅವರ ಶೆಡ್ಡೂ ಇಲ್ಲ. ಆ ಎಂಜಿನ್ ನನ್ನ ದೋಣಿಯಲ್ಲಿದೆ. ಹೊಸ ಮೆಕ್ಯಾನಿಕ್ ಪ್ರತಿ ಸಲವೂ ಕೇಳುತ್ತಾನೆ, "ಆ ಕೆಮ್ಮು ಸಣ್ಣ ಕೆಲಸ ಮಾರಾಯ್ರೇ, ಈಗಲೇ ತೆಗೆದುಬಿಡಲಾ?"

"ಅವಸರ ಎಂತಕ್ಕೆ?" ಎನ್ನುತ್ತೇನೆ.